ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ದಿನಬಳಕೆಗೆ ಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಇಪ್ಪತ್ತು ವರ್ಷ ಹಳೆಯದಾದ, ಮೀಟರಿನಲ್ಲಿ 1,80,000 ಕಿಲೋಮೀಟರ್ ತೋರಿಸುತ್ತಿರುವ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿಯೊಂದು ನಿಮಗೆ ಹಿಡಿಸಿದೆ. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಸುಮಾರು 50 ಕಿಲೋಮೀಟರ್ ಓಡಿಸಬೇಕು, ಮನೆಯಲ್ಲಿ ಬೇರೆ ವಾಹನವಿಲ್ಲ, ಇದನ್ನೇ ನೆಚ್ಚಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಇಂಥದ್ದೇ ಗಾಡಿಯನ್ನು ಏಳು ವರ್ಷ ದಿನವೂ ಓಡಿಸಿದವನಾಗಿ ಹೇಳುತ್ತೇನೆ: ಕೊಳ್ಳಬಹುದು. ಆದರೆ ಬಾನೆಟ್ ಎತ್ತಿ ನೋಡಿ ನಿರ್ಧರಿಸಬೇಡಿ, ಗಾಡಿಯ ಅಡಿಗೆ ತೂರಿ ನೋಡಿ ನಿರ್ಧರಿಸಿ. ಗಾಡಿ ಕೈಕೊಟ್ಟ ದಿನ ಕೆಲಸಕ್ಕೆ ಹೋಗಲು ಬಸ್ಸೋ ರೈಲೋ ಸಹೋದ್ಯೋಗಿಯ ಕಾರೋ ಯಾವುದೂ ಇಲ್ಲವೆಂದಾದರೆ, ಎಷ್ಟೇ ಒಳ್ಳೆಯ ಗಾಡಿಯಾದರೂ ಬಿಟ್ಟುಬಿಡಿ.

ಈ ಗಾಡಿಗಳು ಗಟ್ಟಿಮುಟ್ಟು ಎಂಬ ಮಾತಿನಲ್ಲಿ ಸುಳ್ಳೇನಿಲ್ಲ. ಏಣಿಯಂತೆ ಜೋಡಿಸಿದ ದಪ್ಪ ಉಕ್ಕಿನ ಚಾಸಿಸ್, ಅದರ ಮೇಲೆ ಬೇರೆಯಾಗಿ ಕೂರಿಸಿದ ಬಾಡಿ, ಒಂದು ಚಕ್ರದಿಂದ ಇನ್ನೊಂದಕ್ಕೆ ಒಂದೇ ತುಂಡಾಗಿ ಹಾಯುವ ಆಕ್ಸಲ್, ಇವೆಲ್ಲ ಕಲ್ಲುದಾರಿಯ ಹೊಡೆತ ತಿನ್ನಲೆಂದೇ ಮಾಡಿದವು. ಆದರೆ ಹೊಡೆತ ತಾಳುವ ಶಕ್ತಿ ಬೇರೆ, ವಯಸ್ಸು ತಾಳುವ ಶಕ್ತಿ ಬೇರೆ. ರಬ್ಬರಿನ ಬುಷ್, ಎಣ್ಣೆ ತಡೆಯುವ ಸೀಲ್, ಬ್ರೇಕಿನ ಹೋಸ್, ವೈರಿನ ಹೊದಿಕೆ ಇವು ಸಣ್ಣ ಕಾರಿನಲ್ಲಿ ಹೇಗೆ ಒಣಗಿ ಬಿರಿಯುತ್ತವೆಯೋ ಇಲ್ಲಿಯೂ ಹಾಗೆಯೇ ಬಿರಿಯುತ್ತವೆ. ಅಲ್ಲದೆ ಸಾಮಾನ್ಯ ಕಾರಿನಲ್ಲಿ ಇಲ್ಲದ, ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಆ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯಲು ಮುಂದಕ್ಕೊಂದು ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್, ಎಡ ಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಎರಡು ಡಿಫರೆನ್ಷಿಯಲ್ ಇಲ್ಲಿವೆ. ಹೆಚ್ಚಿಗೆ ಇರುವ ಪ್ರತಿಯೊಂದು ಭಾಗವೂ ತನ್ನದೇ ಎಣ್ಣೆಯನ್ನು, ತನ್ನದೇ ಸವೆತವನ್ನು ಹೊತ್ತುಕೊಂಡು ಬಂದಿರುತ್ತದೆ.

ಎಲ್ಲಕ್ಕಿಂತ ಮೊದಲು ತುಕ್ಕು. ಎಂಜಿನ್ ಕೆಟ್ಟರೆ ಇನ್ನೊಂದನ್ನು ಕೂರಿಸಬಹುದು, ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬಹುದು, ಆದರೆ ಚಾಸಿಸ್ ಒಳಗಿನಿಂದ ಕೊಳೆತಿದ್ದರೆ ಗಾಡಿಯ ಕತೆ ಬಹುಮಟ್ಟಿಗೆ ಮುಗಿದಂತೆಯೇ. ಚಾಸಿಸ್‌ನ ಉದ್ದದ ತೊಲೆಗಳು ಸಾಮಾನ್ಯವಾಗಿ ಟೊಳ್ಳು ಪೆಟ್ಟಿಗೆಗಳಂತಿರುತ್ತವೆ. ನೀರು ಹರಿದುಹೋಗಲೆಂದು ಅವುಗಳಲ್ಲಿ ಬಿಟ್ಟಿರುವ ತೂತುಗಳು ಕೆಸರಿನಿಂದ ಮುಚ್ಚಿಕೊಂಡರೆ ಒಳಗಿನ ಮಣ್ಣು ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿದು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅಲ್ಯೂಮಿನಿಯಂ ಹೊದಿಕೆಗೆ ಹೆಸರಾದ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿಯೂ ಚಾಸಿಸ್ ಉಕ್ಕಿನದೇ ಆದ್ದರಿಂದ, ಬಾಡಿ ಹೊಳೆಯುತ್ತಿದೆ ಎಂಬುದು ಅಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ಗಾಡಿಯಿಂದಲೇ. ಕೊಳ್ಳುವಾಗ ಅದರ ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಮಾರಿದವರು ಅದನ್ನು ಒಳ್ಳೆಯ ನಿಗಾ ಎಂದು ತೋರಿಸಿದರು, ನಾನೂ ಹಾಗೆಯೇ ತಿಳಿದೆ. ನಾಲ್ಕು ತಿಂಗಳ ನಂತರ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಲು ಗಾಡಿಯಡಿ ಮಲಗಿದ್ದಾಗ, ಹಿಂದಿನ ಆಕ್ಸಲ್‌ನ ಮೇಲೆ ಚಾಸಿಸ್ ಕಮಾನಿನಂತೆ ಬಾಗುವ ಜಾಗದಲ್ಲಿ ಬಣ್ಣ ಒಂದು ನಾಣ್ಯದಗಲ ಉಬ್ಬಿರುವುದು ಕಣ್ಣಿಗೆ ಬಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದೆ, ಬಲವನ್ನೇನೂ ಹಾಕಲಿಲ್ಲ. ತುದಿ ಒಳಕ್ಕೆ ಇಳಿದುಹೋಯಿತು, ಹಿಂದೆಯೇ ಒದ್ದೆ ಮಣ್ಣು ಮತ್ತು ಕಂದು ಚಕ್ಕೆಗಳು ನನ್ನ ಮುಖದ ಮೇಲೆ ಉದುರಿದವು. ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವವರೆಗೆ ಮೂರು ವಾರ ಗಾಡಿ ರಸ್ತೆಗಿಳಿಯಲಿಲ್ಲ. ಈಗ ಯಾರು ಕೇಳಿದರೂ ನಾನು ಹೇಳುವುದಿಷ್ಟು: ಒಂದು ಚಿಕ್ಕ ಸುತ್ತಿಗೆ ಮತ್ತು ಟಾರ್ಚ್ ತೆಗೆದುಕೊಂಡು ಹೋಗಿ, ಚಾಸಿಸ್ ಉದ್ದಕ್ಕೂ ಮೆಲ್ಲನೆ ತಟ್ಟುತ್ತಾ ಸಾಗಿ. ಗಟ್ಟಿ ಉಕ್ಕು ಗಂಟೆಯಂತೆ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ತಟ್ಟಲು ಮಾರುವವರು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ.

ಎರಡನೆಯದು ನೀರು. ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆನೀರಿಗೆ ಇಳಿದಾಗ ಅದರೊಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇಟ್ಟಿರುವ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಆಕ್ಸಲ್ ಸೀಲುಗಳ ಸಂದಿನಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಡಿಫರೆನ್ಷಿಯಲ್‌ನ ಎಣ್ಣೆ ತುಂಬುವ ಬಿರಡೆಯನ್ನು ಬಿಚ್ಚಿಸಿ, ಬೆರಳಿಗೆ ಒಂದಿಷ್ಟು ಎಣ್ಣೆ ತೆಗೆದು ನೋಡಿ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಬೇರಿಂಗುಗಳು ತುಕ್ಕು ಹಿಡಿಯಲು ಆರಂಭಿಸಿರಬಹುದು. ಸೀಟಿನ ಹಳಿಗಳ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ ಕಂಡರೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದು ತಾನಾಗಿಯೇ ತಿಳಿಯುತ್ತದೆ.

ನೀವು ಹೇಳಿದ ಗಾಡಿಗೆ ದೊಡ್ಡ ಟೈರ್ ಹಾಕಿ ಎತ್ತರಿಸಲಾಗಿದೆ ಎಂದು ಬರೆದಿದ್ದೀರಿ. ಅದು ಚೆಂದ ಕಾಣುತ್ತದೆ ನಿಜ, ನನಗೆ ಮಾತ್ರ ಅದೇ ಚಿಂತೆಯ ವಿಷಯವಾಗಿ ತೋರುತ್ತದೆ. ಮೂಲ ಟೈರಿಗಿಂತ ವ್ಯಾಸದಲ್ಲಿ ಶೇ. 10ರಷ್ಟು ದೊಡ್ಡ ಟೈರ್ ಹಾಕಿ ಮೀಟರನ್ನು ಸರಿಹೊಂದಿಸದೆ ಬಿಟ್ಟರೆ, ಗಾಡಿ ನಿಜವಾಗಿ ಕ್ರಮಿಸಿದ ದೂರ ಮೀಟರ್ ತೋರಿಸುವುದಕ್ಕಿಂತ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುತ್ತದೆ. ಮೊದಲಿನಿಂದಲೂ ಆ ಟೈರಿನಲ್ಲೇ ಓಡಿದ್ದರೆ ನಿಮ್ಮ 1,80,000 ಎಂಬುದು ವಾಸ್ತವದಲ್ಲಿ 1,98,000 ಇದ್ದೀತು. ಎತ್ತರಿಸಿದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಅದರ ತುದಿಗಳ ಕೀಲುಗಳಾದ ಯೂನಿವರ್ಸಲ್ ಜಾಯಿಂಟುಗಳು ಬೇಗ ಸವೆಯುತ್ತವೆ. ದಪ್ಪ ಗುಬುಟಿನ ಕೆಸರು ಟೈರುಗಳು ಒದ್ದೆ ಡಾಂಬರಿನ ಮೇಲೆ ರಸ್ತೆಯ ಟೈರಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಅಂದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ: 2315 ಎಂದಿದ್ದರೆ ಅದು 2015ರ 23ನೇ ವಾರದಲ್ಲಿ ತಯಾರಾದ ಟೈರ್. ಗುಬುಟು ಎಷ್ಟೇ ಉಳಿದಿರಲಿ, ಹತ್ತು ವರ್ಷ ದಾಟಿದ ಟೈರನ್ನು ನಂಬಬಾರದು.

ಎಂಜಿನ್ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ಒಬ್ಬ ಒಳ್ಳೆಯ ಮೆಕ್ಯಾನಿಕ್ ನಿಮಗಿಂತಲೂ ನನಗಿಂತಲೂ ಚೆನ್ನಾಗಿ ಹೇಳುತ್ತಾರೆ. ನೀವು ತಲುಪುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ತಿಳಿಸಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದಾಗ ಚಾಲೂ ಮಾಡಿ, ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ಬುಸುಗುಡುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು.

ಇನ್ನು ದಿನವೂ ಓಡಿಸುವ ಅನುಭವ. ಹಳೆಯ ಗಾಡಿಗಳಲ್ಲಿ ಅನೇಕವು ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವಂಥವು, ಅವುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕಾಗುತ್ತದೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಒಣ ಡಾಂಬರಿನಲ್ಲಿ ಜಾರಲಾಗದೆ ಶಾಫ್ಟು, ಗೇರುಗಳೇ ತಿರುಚಿಕೊಳ್ಳುತ್ತವೆ. ಆದ್ದರಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ನೀವು ಓಡಿಸುವುದು ಭಾರವಾದ ಒಂದು ಟೂ ವೀಲ್ ಡ್ರೈವ್ ಗಾಡಿಯನ್ನೇ. ಸ್ಟೀರಿಂಗ್ ಸಡಿಲವಾಗಿರುತ್ತದೆ, ಅಡ್ಡಗಾಳಿಗೆ ಗಾಡಿ ವಾಲುತ್ತದೆ. ಮುಂದೆಯೂ ಇಡೀ ಆಕ್ಸಲ್ ಇರುವ ಗಾಡಿಗಳಲ್ಲಿ, ಉದಾಹರಣೆಗೆ 1998ರಿಂದ 2018ರವರೆಗೆ ತಯಾರಾದ ಮೂರನೇ ತಲೆಮಾರಿನ ಸುಜುಕಿ ಜಿಮ್ನಿಯಲ್ಲಿ, ಬೇರಿಂಗ್ ಅಥವಾ ಬುಷ್ ಸವೆದರೆ ಒಂದು ವೇಗದಲ್ಲಿ ಸ್ಟೀರಿಂಗ್ ತೀವ್ರವಾಗಿ ನಡುಗತೊಡಗುತ್ತದೆ. ನೋಡಲು ಹೋದಾಗ ಗಾಡಿಯನ್ನು ಕೇರಿಯೊಂದನ್ನು ಸುತ್ತಿಸಿ ತರಬೇಡಿ, 80ರ ವೇಗದವರೆಗೆ ಕೊಂಡೊಯ್ದು ಕೈಗೆ ನಡುಕ ತಾಗುತ್ತದೆಯೇ ಎಂದು ಗಮನಿಸಿ. ಅದೇ ದಿನ ಸಡಿಲ ಮಣ್ಣಿನ ಜಾಗದಲ್ಲಿ, ಕಡಿಮೆ ವೇಗದಲ್ಲಿ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರನ್ನು ಹಾಕಿಸಿ ನೋಡಿ, ವರ್ಷಗಟ್ಟಲೆ ಮುಟ್ಟದ ಲಿವರ್ ಅಂಟಿಕೊಂಡಿರುವುದು ಬಹಳ ಸಾಮಾನ್ಯ.

ಸುರಕ್ಷತೆಯ ಬಗ್ಗೆ ಸೌಮ್ಯವಾಗಿ ಹೇಳಲು ನನಗೆ ಮನಸ್ಸಿಲ್ಲ. ಗಾಡಿ ಜಾರುವಾಗ ಚಕ್ರಗಳಿಗೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಹತೋಟಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್ ವ್ಯವಸ್ಥೆ ಹೊಸ ಕಾರುಗಳಿಗೆ ಅಮೆರಿಕದಲ್ಲಿ 2012ರ ಮಾದರಿಯಿಂದ, ಯೂರೋಪಿನಲ್ಲಿ 2014ರಿಂದ ಕಡ್ಡಾಯವಾಯಿತು. ನಿಮ್ಮ ಗಾಡಿ ಅದಕ್ಕೂ ಹಿಂದಿನದು, ಎತ್ತರದ ಗಾಡಿ ಮಗುಚುವ ಅಪಾಯವೂ ಹೆಚ್ಚು. ಪ್ರತಿದಿನ ಮಕ್ಕಳನ್ನು ಕೂರಿಸಿಕೊಂಡು ವೇಗದ ಹೆದ್ದಾರಿಯಲ್ಲಿ ಹೋಗುವುದಿದ್ದರೆ ನಾನು ಬೇಡವೆಂದೇ ಹೇಳುತ್ತೇನೆ. ಒಬ್ಬರೇ, ಮಿತ ವೇಗದ ರಸ್ತೆಯಲ್ಲಿ ಹೋಗುವುದಾದರೆ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಮತ್ತು ಏರ್‌ಬ್ಯಾಗ್ ಇರುವ ಮಾದರಿಯನ್ನು ಆರಿಸಿ, ನಿಧಾನವಾಗಿ ಓಡಿಸಿ.

ಎಲ್ಲವೂ ಸರಿಯಿದ್ದರೆ, ಕೊಳ್ಳುವ ಬೆಲೆಯ ಮೂರನೇ ಒಂದು ಭಾಗದಷ್ಟು ಹಣವನ್ನು ಬೇರೆಯಾಗಿ ಎತ್ತಿಡಿ. ಮೊದಲ ತಿಂಗಳಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ, ಬ್ರೇಕ್ ದ್ರವ, ಹೋಸುಗಳು, ರೇಡಿಯೇಟರ್ ಕೊಳವೆಗಳು, ಟೈಮಿಂಗ್ ಬೆಲ್ಟ್ ಇದ್ದರೆ ಅದು, ಇಷ್ಟನ್ನೂ ಬದಲಿಸಿಬಿಡಿ. ನನ್ನ ಗಾಡಿ ಮೊದಲ ವರ್ಷ ಐದು ಸಲ ನಿಂತಿತು. ಇವೆಲ್ಲ ಮುಗಿದ ಮೇಲೆ ನಂತರದ ಆರು ವರ್ಷಗಳಲ್ಲಿ ನಿಂತದ್ದು ಎರಡೇ ಸಲ, ಎರಡೂ ಸಲ ನಾನು ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ಚಾಸಿಸ್ ತಟ್ಟಿ ನೋಡಿದ ಮೇಲೆ ಅದರ ಫೋಟೋಗಳನ್ನು ಇಲ್ಲಿ ಹಾಕಿ, ಹಿಂದಿನ ಆಕ್ಸಲ್ ಮೇಲಿನ ಬಾಗಿದ ಭಾಗದ್ದು ಖಂಡಿತ ಇರಲಿ. ನೋಡಿ ನನ್ನ ಅಭಿಪ್ರಾಯ ತಿಳಿಸುತ್ತೇನೆ.