ಸಂಪಾದಕರ ಉತ್ತರ: ನಮ್ಮ ಬೀದಿಯ ಅಜ್ಜಿಯರ ಬಗ್ಗೆ ಏನೆಂದು ಬರೆಯುವುದು?

ಮಾನ್ಯರೇ,

ತಾಲ್ಲೂಕು ಕೇಂದ್ರವೊಂದರ ಹಳೆಯ ಪೇಟೆ ಬೀದಿಯಿಂದ ನೀವು ಬರೆದ ಪತ್ರ ತಲುಪಿದೆ. ಹೆಸರನ್ನಾಗಲಿ ಊರನ್ನಾಗಲಿ ಅಚ್ಚು ಮಾಡಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗೆ ವಿಷಯ ತಿಳಿಯಲೆಂದು ಪತ್ರದ ಸಾರಾಂಶವನ್ನು ಹೇಳಿಬಿಡುತ್ತೇನೆ. ಕಳೆದ ಕೆಲವು ವರ್ಷಗಳಲ್ಲಿ ನಿಮ್ಮ ಬೀದಿಯಲ್ಲಿ ತೀರಿಕೊಂಡ ಮೂವರು ಹಿರಿಯ ಹೆಂಗಸರನ್ನು ನೆನೆದು ನೀವೊಂದು ಲೇಖನ ಕಳುಹಿಸಿದ್ದಿರಿ. ‘ವಿವರ ಸಾಲದು’ ಎಂಬ ಷರಾದೊಂದಿಗೆ ನಾವು ಅದನ್ನು ಹಿಂದಿರುಗಿಸಿದೆವು. ಅದೇ ತಿಂಗಳ ಸಂಚಿಕೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಸ್ಮರಣೆಗೆ ಎರಡು ಪುಟ ಮೀಸಲಿಟ್ಟಿದ್ದನ್ನು ಕಂಡು, ‘ಹುದ್ದೆಯಿದ್ದವರ ಬದುಕಷ್ಟೇ ಬದುಕೇ, ಒಲೆಯ ಮುಂದೆ ಸವೆದವರದ್ದು ಲೆಕ್ಕಕ್ಕಿಲ್ಲವೇ?’ ಎಂದು ಕೇಳಿದ್ದೀರಿ.

ಕೇಳಬೇಕಾದ ಪ್ರಶ್ನೆಯೇ. ಆದರೆ ನಾವು ಲೇಖನವನ್ನು ಹಿಂದಿರುಗಿಸಿದ ಕಾರಣ ನೀವು ಊಹಿಸಿದ್ದಲ್ಲ. ಆ ಅಧಿಕಾರಿಯ ಕುರಿತ ಬರಹದಲ್ಲಿ ಅವರು ಯಾವ ಇಸವಿಯಲ್ಲಿ ಯಾವ ಊರಿನಲ್ಲಿದ್ದರು, ಯಾವ ಕೆರೆಯ ಹೂಳೆತ್ತಿಸಿದರು, ಯಾವ ಕಡತಕ್ಕೆ ಸಹಿ ಹಾಕಲು ಒಪ್ಪದೆ ವರ್ಗವಾದರು ಎಂಬುದೆಲ್ಲ ಇತ್ತು. ನಿಮ್ಮ ಲೇಖನದಲ್ಲಿ ‘ತ್ಯಾಗಮಯಿ’, ‘ಸಹನಾಮೂರ್ತಿ’, ‘ಬಂದವರಿಗೆಲ್ಲ ಅನ್ನವಿಕ್ಕಿದ ಮಹಾತಾಯಿ’ ಎಂಬ ಮಾತುಗಳಿವೆ. ಮೂವರ ಹೆಸರನ್ನೂ ಅದಲು ಬದಲು ಮಾಡಿ ಓದಿ ನೋಡಿ: ಒಂದಕ್ಷರವನ್ನೂ ತಿದ್ದಬೇಕಾಗುವುದಿಲ್ಲ. ಎಂಬತ್ತು ವರ್ಷ ಬದುಕಿದವರೊಬ್ಬರನ್ನು ಹೀಗೆ ಇನ್ನೊಬ್ಬರ ಜಾಗದಲ್ಲಿ ಕೂರಿಸಬಹುದೆಂದಾದರೆ ನಾವು ನೆನೆದದ್ದು ಯಾರನ್ನು? ಅವರ ಗುಣವನ್ನು ಬದಿಗಿಟ್ಟು ಅವರು ನಡೆಸಿದ ವ್ಯವಹಾರವನ್ನು ಬರೆಯಿರಿ ಎಂಬುದಷ್ಟೇ ನನ್ನ ಕೋರಿಕೆ. ಬೇಕಾದ ಸಾಮಗ್ರಿ ನಿಮ್ಮ ಲೇಖನದಲ್ಲಿಯೇ ಅಲ್ಲಲ್ಲಿ ಚದುರಿದೆ. ನೀವು ಅದರ ಮೇಲೆ ನಿಂತಿಲ್ಲ.

ಮೊದಲನೆಯವರಿಂದ ಆರಂಭಿಸೋಣ. ‘ಇವರನ್ನು ಎಲ್ಲರೂ ಮೂಲೆಮನೆ ಅಜ್ಜಿ ಎಂದೇ ಕರೆಯುತ್ತಿದ್ದರು’ ಎಂದಿದ್ದೀರಿ. ಕೊನೆಯ ಪುಟದಲ್ಲಿ, ಅವರ ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಗಳನ್ನು ಮಕ್ಕಳು ಪಾಲು ಮಾಡಿಕೊಂಡಾಗ ಒಂದು ತಂಬಿಗೆಯ ಮೇಲೆ ಬೇರೆ ಯಾರದೋ ಹೆಸರು ಕಂಡಿತೆಂದೂ, ಅದು ಅವರದೇ ತವರಿನ ಹೆಸರೆಂದು ಆಮೇಲೆ ತಿಳಿಯಿತೆಂದೂ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲಿಯೇ ನಿಲ್ಲಬೇಕಿತ್ತು. ಪಾತ್ರೆಯ ಕಂಠದ ಕೆಳಗೆ ಚಾಣದಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ, ಉಜ್ಜಿ ಉಜ್ಜಿ ಅರ್ಧ ಸವೆದ ಆ ಅಕ್ಷರಗಳು ಎಷ್ಟೋ ಹೆಂಗಸರ ಸ್ವಂತ ಹೆಸರು ಬರಹಕ್ಕೆ ಇಳಿದ ಒಂದೇ ಒಂದು ಜಾಗ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ಹಳೆಯದನ್ನು ಬಿಡಿಸುವ ಪದ್ಧತಿ ಕೆಲವು ಮನೆತನಗಳಲ್ಲಿತ್ತು. ಆಮೇಲೆ ಇಂಥವರ ಹೆಂಡತಿ, ಇಂಥವರ ತಾಯಿ, ಕೊನೆಗೆ ಮೂಲೆಮನೆ ಅಜ್ಜಿ. 1951-52ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಸಿದ್ಧಪಡಿಸುವಾಗ ಇದೇ ತೊಡಕು ದೇಶದ ಮಟ್ಟದಲ್ಲಿ ಎದುರಾಯಿತು. ಸ್ವಂತ ಹೆಸರು ಹೇಳದೆ ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಸಿದವರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಲು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು ನಿಜ. ಆದರೆ ನಿಮ್ಮ ಬೀದಿಯ ಮೂಲೆಮನೆಯಲ್ಲಿಯೂ ಅಂಥದ್ದೇ ಒಂದು ಹೆಸರು ಅಟ್ಟ ಸೇರಿತ್ತಲ್ಲವೇ? ಆ ತಂಬಿಗೆಯನ್ನು ಕೊಟ್ಟವರು ಯಾರು, ಯಾವ ಊರಿನಿಂದ ಬಂದದ್ದು, ಹೆಸರು ಬದಲಾದ ಮೇಲೂ ಅವರು ಅದನ್ನು ಮಾರದೆ, ಸ್ಟೀಲಿಗೆ ಬದಲಾಯಿಸಿಕೊಳ್ಳದೆ ಇಟ್ಟುಕೊಂಡದ್ದು ಏಕೆ ಎಂದು ಅವರ ಓರಗೆಯ ಯಾರಾದರೂ ಉಳಿದಿದ್ದರೆ ಕೇಳಿ.

ಎರಡನೆಯವರ ಬಗ್ಗೆ ನೀವು ‘ಬಿಡುವಿನಲ್ಲಿ ಚೀಟಿ ನಡೆಸುತ್ತಿದ್ದರು’ ಎಂದು ಮೂರೇ ಪದಗಳಲ್ಲಿ ಮುಗಿಸಿದ್ದೀರಿ. ಅದಕ್ಕೆ ಮುಂಚೆ ಅವರ ಕೈಯಡುಗೆಯ ವರ್ಣನೆಗೆ ಒಂದಿಡೀ ಪುಟ ಹೋಗಿದೆ. ನನಗೆ ಕೇಳಿದರೆ ಈ ಅನುಪಾತ ತಲೆಕೆಳಗಾಗಬೇಕು. ಚೀಟಿ ನಡೆಸುವುದೆಂದರೇನು? ಇಪ್ಪತ್ತು ಮಂದಿ ಪ್ರತಿ ತಿಂಗಳೂ ಸಮನಾದ ಹಣ ಹಾಕುತ್ತಾರೆ. ಯಾರಿಗೆ ತುರ್ತಿದೆಯೋ ಅವರು ಹೆಚ್ಚು ಕಸರು, ಅಂದರೆ ಒಟ್ಟು ಹಣದಲ್ಲಿ ತಮಗೆ ಬೇಡವೆಂದು ಬಿಟ್ಟುಕೊಡುವ ಪಾಲು, ಬಿಟ್ಟು ಕೂಗಿ ಚೀಟಿ ಎತ್ತುತ್ತಾರೆ. ಕಸರಿನ ಹಣ ಉಳಿದವರಿಗೆ ಹಂಚಿಕೆಯಾಗುತ್ತದೆ. ಎತ್ತಿಕೊಂಡವರು ಮುಂದಿನ ತಿಂಗಳು ಕಂತು ಕಟ್ಟದೆ ತಲೆ ತಪ್ಪಿಸಿದರೆ ಚೀಟಿ ನಡೆಸುವವರೇ ಕೈಯಿಂದ ತುಂಬಬೇಕು. ಹಾಗಾಗಿ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ‘ಈ ಸಲ ಆಳು ತುಂಬಿದೆ ಕಣಮ್ಮ’ ಎಂದು ನಯವಾಗಿ ಹಿಂದಕ್ಕೆ ಕಳುಹಿಸಬೇಕು, ಯಾರ ಗಂಡ ಸಂಬಳದ ದಿನವೇ ಹೆಂಡದಂಗಡಿಗೆ ಹೋಗುತ್ತಾನೆ, ಯಾರ ಮಗಳಿಗೆ ವೈಶಾಖದಲ್ಲಿ ಮದುವೆಯಿದೆ ಎಂಬುದೆಲ್ಲ ಬಾಯಿಪಾಠವಾಗಿರಬೇಕು. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಸಣ್ಣ ಊರುಗಳಲ್ಲಿ ಶಾಖೆಗಳೂ ತೆರೆದವು. ಆದರೂ ಸಂಬಳದ ಚೀಟಿಯಾಗಲಿ ಪಹಣಿಯಾಗಲಿ ತಮ್ಮ ಹೆಸರಿನಲ್ಲಿಲ್ಲದ ಹೆಂಗಸರು ತುರ್ತಿಗೆ ಹೋಗುತ್ತಿದ್ದುದು ಇಂಥವರ ಜಗಲಿಗೇ. ನಿಮ್ಮ ಬೀದಿಯಲ್ಲಿ ಅವರ ಚೀಟಿಯ ಹಣದಿಂದ ಆದ ಮದುವೆಗಳೆಷ್ಟು, ತುಂಬಿದ ಕಾಲೇಜು ಶುಲ್ಕವೆಷ್ಟು, ಬಿಡಿಸಿಕೊಂಡ ಅಡವೊಡವೆಗಳೆಷ್ಟು? ಲೆಕ್ಕ ಬರೆದ ಪುಸ್ತಕ ಇದೆಯೇ? ಅವರಿಗೆ ಓದು ಬರಹ ಬಾರದಿದ್ದರೆ ಬರೆದುಕೊಟ್ಟವರು ಯಾರು? ಒಮ್ಮೆಯಾದರೂ ಯಾರಾದರೂ ಕೈಕೊಟ್ಟಿರಲೇಬೇಕು. ಆಗ ಅವರು ಏನು ಮಾಡಿದರು? ಅವರ ಸಹನೆಯನ್ನೋ ಸಿಟ್ಟನ್ನೋ ಓದುಗರು ಅಲ್ಲಿ ತಾವಾಗಿಯೇ ಕಂಡುಕೊಳ್ಳುತ್ತಾರೆ. ನೀವು ಹೆಸರಿಟ್ಟು ಹೇಳಬೇಕಾಗಿಲ್ಲ. (ಜನಗಣತಿಯ ಎಣಿಕೆದಾರರು ಬಂದಾಗ ಇವರ ಮನೆಯವರು ‘ಮನೆಯಲ್ಲೇ ಇರುತ್ತಾರೆ’ ಎಂದು ಬರೆಸಿರುವುದರಲ್ಲಿ ನನಗೆ ಅನುಮಾನವಿಲ್ಲ.)

ಅಡುಗೆಯ ಪುಟವನ್ನು ಪೂರ್ತಿ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಇದು ಗ್ಯಾಸು, ಮಿಕ್ಸಿ, ನಲ್ಲಿ ಎಲ್ಲ ಬಂದ ಮೇಲಿನ ಲೆಕ್ಕ. ಸೌದೆ ಒಲೆ, ಒರಳುಕಲ್ಲು, ಸೇದುವ ಬಾವಿಯ ಕಾಲದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅದನ್ನು ನಿಮ್ಮಂಥವರೇ ಕೇಳಿ ಬರೆಯಬೇಕು. ಹಾಗಾಗಿ ಸಾರಿನ ರುಚಿಗಿಂತ, ಆ ಸಾರು ಎಲೆಗೆ ಬರುವ ಮೊದಲು ಎಷ್ಟು ಕೊಡ ನೀರು ಎಷ್ಟು ದೂರದಿಂದ ಬಂತು, ಅವರು ಎಷ್ಟು ಹೊತ್ತಿಗೆ ಎದ್ದರು, ತಾವು ಯಾವಾಗ ಉಂಡರು ಎಂಬುದು ನಮಗೆ ಬೇಕು.

ಮೂರನೆಯವರ ವಿಷಯ ಇನ್ನೂ ಸೂಕ್ಷ್ಮ. ‘ಅಣ್ಣತಮ್ಮಂದಿರ ಮೇಲಿನ ಪ್ರೀತಿಯಿಂದ ತವರಿನ ಆಸ್ತಿಯಲ್ಲಿ ಒಂದು ಗುಂಟೆಯನ್ನೂ ಕೇಳದ ದೊಡ್ಡ ಮನಸ್ಸು’ ಎಂದು ಬರೆದಿದ್ದೀರಿ. ಅವರ ಮದುವೆ ಐವತ್ತರ ದಶಕದಲ್ಲಿ ಆಯಿತೆಂದು ನೀವೇ ಇನ್ನೊಂದೆಡೆ ಹೇಳಿದ್ದೀರಿ. ಸ್ವಲ್ಪ ಕಾನೂನು ನೋಡೋಣ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳಿಗೆ ತಂದೆಯ ಪಾಲಿನಲ್ಲಿ ಒಂದು ಭಾಗ ಕೊಟ್ಟಿತೇ ಹೊರತು, ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಗಂಡುಮಕ್ಕಳಿಗಿದ್ದ ಹುಟ್ಟಿನ ಹಕ್ಕನ್ನು ಕೊಡಲಿಲ್ಲ. ಕರ್ನಾಟಕವು ತಿದ್ದುಪಡಿ ತಂದು, 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮುಂಚೆಯೇ ಮದುವೆಯಾದವರನ್ನು ಹೊರಗಿಟ್ಟಿತು. ಆ ಭೇದ ಅಳಿದದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಿಂದ. ಅಂದರೆ ಈ ತಾಯಿ ತಮ್ಮ ಎಪ್ಪತ್ತರ ಆಸುಪಾಸಿಗೆ ಬರುವವರೆಗೂ ಅಣ್ಣತಮ್ಮಂದಿರ ಸಮಕ್ಕೆ ನಿಂತು ಕೇಳಲು ಕಾನೂನಿನಲ್ಲಿಯೇ ಜಾಗವಿರಲಿಲ್ಲ. ಅದು ಬಂದ ಮೇಲೆ ಏನಾಯಿತು? ಬಹಳಷ್ಟು ಮನೆಗಳಲ್ಲಿ ಆದದ್ದು ಇಷ್ಟು: ಕಾರು ಕಳುಹಿಸಿ ಅಕ್ಕತಂಗಿಯರನ್ನು ಕರೆಸಿಕೊಂಡು, ಸೀರೆ ಉಡಿಸಿ, ಅರಿಸಿನ ಕುಂಕುಮಕ್ಕೆಂದು ಒಂದಷ್ಟು ದುಡ್ಡು ಕೈಗಿಟ್ಟು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು. ನಿಮ್ಮ ಅಜ್ಜಿಯ ವಿಷಯದಲ್ಲಿಯೂ ಹಾಗೆಯೇ ಆಯಿತೆಂದು ನಾನು ಹೇಳಲಾರೆ. ನಿಜವಾಗಿಯೂ ಪ್ರೀತಿಯಿಂದಲೇ ಬಿಟ್ಟುಕೊಟ್ಟಿರಬಹುದು. ತವರಿನ ಬಾಗಿಲು ಮುಚ್ಚದಿರಲೆಂದು ಲೆಕ್ಕ ಹಾಕಿ ಬಿಟ್ಟಿರಲೂಬಹುದು, ಅದು ದಡ್ಡ ಲೆಕ್ಕವೇನೂ ಅಲ್ಲ. ಆದರೆ ಯಾವುದೆಂದು ತಿಳಿಯದೆ ‘ದೊಡ್ಡ ಮನಸ್ಸು’ ಎಂದು ಬರೆದರೆ ಆ ಪತ್ರಕ್ಕೆ ನಾವೂ ಒಂದು ಸಾಕ್ಷಿ ಸಹಿ ಹಾಕಿದಂತಾಗುತ್ತದೆ.

‘ಮನೆಯವರಿಗೆ ನೋವಾಗುವಂಥದ್ದನ್ನು ಬರೆಯಬಹುದೇ?’ ಎಂದೂ ಕೇಳಿದ್ದೀರಿ. ಸ್ಥಿರಾಸ್ತಿಯ ನೋಂದಾಯಿತ ಪತ್ರ ಸಾರ್ವಜನಿಕ ದಾಖಲೆ. ಶುಲ್ಕ ಕಟ್ಟಿದ ಯಾರಿಗಾದರೂ ಅದರ ನಕಲು ದೊರೆಯುತ್ತದೆ. ಅದರಲ್ಲಿರುವುದನ್ನು, ಇರುವಷ್ಟನ್ನೇ, ಬಣ್ಣ ಹಚ್ಚದೆ ಬರೆಯಬಹುದು. ಅವರು ನಿಮ್ಮೊಬ್ಬರ ಹತ್ತಿರ ‘ಯಾರಿಗೂ ಹೇಳಬೇಡ’ ಎಂದು ಹೇಳಿಕೊಂಡಿದ್ದರೆ ಅದು ಬೇರೆ. ಸತ್ತವರು ತಡೆಯಲು ಬರುವುದಿಲ್ಲ ಎಂಬುದು ಅಚ್ಚು ಹಾಕುವುದಕ್ಕೆ ಸಮ್ಮತಿಯಾಗುವುದಿಲ್ಲ. ಅಂಥದ್ದು ಎಷ್ಟೇ ಸ್ವಾರಸ್ಯವಾಗಿದ್ದರೂ ನಮ್ಮ ಪತ್ರಿಕೆಗೆ ಬೇಡ.

ಇಸವಿಗಳ ಬಗ್ಗೆ ಒಂದು ಮಾತು. ‘ವಯಸ್ಸು ಯಾರಿಗೂ ಗೊತ್ತಿಲ್ಲ’ ಎಂದು ಮೂರು ಕಡೆ ಬರೆದಿದ್ದೀರಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಹಿಂದಿನವರ ಹತ್ತಿರ ಪ್ರಮಾಣಪತ್ರ ಹುಡುಕಿ ಫಲವಿಲ್ಲ. ಆದರೆ ಆ ತಲೆಮಾರಿನವರು ಸಂವತ್ಸರವನ್ನು ಹೇಳುತ್ತಿದ್ದರು. ‘ಧಾತು ಸಂವತ್ಸರದಲ್ಲಿ ಹುಟ್ಟಿದ್ದು’ ಎಂದರೆ 1936ರ ಯುಗಾದಿಯಿಂದ 1937ರ ಯುಗಾದಿಯೊಳಗೆ ಎಂದರ್ಥ. ಮಾಸ, ತಿಥಿ ಕೂಡ ಗೊತ್ತಿದ್ದರೆ ಹಳೆಯ ಪಂಚಾಂಗದಲ್ಲಿ ದಿನವೇ ಸಿಗುತ್ತದೆ. ಅದೇ ಅಜ್ಜಿ ‘ಧಾತು ಈಶ್ವರದ ಬರ’ ಎಂದು ಮಾತೆತ್ತಿದರೆ ಅದು ಅರವತ್ತು ವರ್ಷದ ಹಿಂದಿನ ಸುತ್ತು, 1876-78ರ ಕ್ಷಾಮ. ಅವರು ಕಂಡದ್ದಲ್ಲ, ಅವರ ಅಜ್ಜಿಯಿಂದ ಕೇಳಿದ್ದು. ಎರಡನ್ನೂ ಬೆರೆಸಬೇಡಿ. ‘ಹಗಲೇ ಕತ್ತಲಾದ ಗ್ರಹಣ’ವೆಂದರೆ ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋದ 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣವಿರಬಹುದು. ಆಣೆಯ ಲೆಕ್ಕವನ್ನು ಮಾತ್ರ ನಂಬಬೇಡಿ: ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಾದರೂ ಜನ ನಾಲ್ಕಾಣೆ, ಎಂಟಾಣೆ ಎನ್ನುವುದನ್ನು ದಶಕಗಟ್ಟಲೆ ಬಿಡಲಿಲ್ಲ.

ಇನ್ನು, ನಿಮ್ಮ ಲೇಖನದಲ್ಲಿ ಮೂವರಲ್ಲ, ನಾಲ್ವರಿದ್ದಾರೆ. ‘ಸೂಲಗಿತ್ತಿಯೊಬ್ಬಳು ಹಿತ್ತಲ ಬಾಗಿಲಿನಿಂದ ಬಂದು ಹೆರಿಗೆ ಮಾಡಿಸಿ ಹೋದಳು’ ಎಂಬ ಅರ್ಧ ವಾಕ್ಯದಲ್ಲಿ ನಾಲ್ಕನೆಯವರು ಬಂದು ಹೋಗುತ್ತಾರೆ. ಉಳಿದ ಮೂವರಿಗೂ ಬಹುವಚನ, ಇವರಿಗೆ ಏಕವಚನ, ಹೆಸರಂತೂ ಇಲ್ಲ. ನಿಮ್ಮ ಬೀದಿಯ ಅರ್ಧದಷ್ಟು ಜನರ ಹೊಕ್ಕುಳಬಳ್ಳಿ ಕತ್ತರಿಸಿದವರು, ಯಾವ ಮನೆಯ ನಡುಮನೆಯಲ್ಲಿಯೂ ಕೂತು ಉಣ್ಣದವರು ಅವರೇ ಇರಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪ್ರಶಸ್ತಿ ಬಂದದ್ದರಿಂದ ಅವರ ಹೆಸರು, ಊರು, ವಯಸ್ಸು ನಮಗೆಲ್ಲ ಗೊತ್ತು. ಪ್ರಶಸ್ತಿ ಬಾರದ ಸೂಲಗಿತ್ತಿಯರು ಪ್ರತಿ ಹೋಬಳಿಯಲ್ಲಿಯೂ ಇದ್ದರು; ಅವರ ಹೆಸರು ನಿಮ್ಮಂಥವರು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೆದವರಿಗೂ ಈ ಗತಿ ತಪ್ಪಿದ್ದಲ್ಲ ಎನ್ನಿ: 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬಾಲವಿಧವೆಯಾಗಿ, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೇ ನಡೆಸಿದ ತಿರುಮಲಾಂಬ ಅವರು 1982ರವರೆಗೂ ಬದುಕಿದ್ದರು; ಅವರ ಕೊನೆಯ ದಶಕಗಳಲ್ಲಿ ಕನ್ನಡದ ಓದುಗರಿಗೆ ಅವರು ಇದ್ದಾರೆಂಬುದೇ ಮರೆತುಹೋಗಿತ್ತು.

ತಿದ್ದಿದ ಲೇಖನಕ್ಕೆ ಆರು ಪುಟ ಕಾದಿರಿಸುತ್ತೇನೆ. ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದಾದರೆ ಮಗನೋ ಸೊಸೆಯೋ ಎದುರಿಗಿರುವಾಗ ಬೇಡ. ಅವರ ಓರಗೆಯ ಇನ್ನೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ, ಒಬ್ಬರು ತಪ್ಪಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಅವರಾಡಿದ್ದನ್ನು ಗ್ರಾಂಥಿಕಕ್ಕೆ ತಿರುಗಿಸದೆ ಹಾಗೆಯೇ ಇಡಿ. ಹಾರ ಹಾಕಿದ ಫೋಟೋ ಬೇಡ; ತಂಬಿಗೆಯ ಅಕ್ಷರಗಳು ಕಾಣುವಂಥ ಒಂದು ಚಿತ್ರ ಕಳುಹಿಸಿ. ಬಿಡುಗಡೆ ಪತ್ರದ ನಕಲು ಸಿಕ್ಕರೆ ಅದು ನಮ್ಮ ಪರಿಶೀಲನೆಗೆ ಮಾತ್ರ, ಅಚ್ಚಿಗಲ್ಲ. ಸೂಲಗಿತ್ತಿಯವರ ಮನೆಯವರನ್ನು ಕಂಡು, ಅವರು ಒಪ್ಪಿದ ಮೇಲೆಯೇ ಆ ಭಾಗ ಬರೆಯಿರಿ, ತಡವಾದರೂ ಚಿಂತೆಯಿಲ್ಲ. ಅವರು ಒಪ್ಪದಿದ್ದರೆ ಆ ಮಾತನ್ನಾದರೂ ಒಂದು ಸಾಲಿನಲ್ಲಿ ತಿಳಿಸಿ. ಈ ಎರಡರಲ್ಲಿ ಯಾವುದೂ ಇಲ್ಲದೆ ಲೇಖನ ಬಂದರೆ ಮತ್ತೆ ಹಿಂದಿರುಗಿಸುತ್ತೇನೆ.

ಇತಿ,
ಸಂಪಾದಕ