ಕ್ಷಮೆಯ ಫಲಕ ಆಮೇಲೆ, ಮೊದಲು ಹಳೆಯ ರಿಜಿಸ್ಟರು

ಜನರಿಂದ ಬಲವಂತವಾಗಿ ವಸ್ತುಗಳನ್ನು ತಂದದ್ದಕ್ಕೆ ನಿಮ್ಮ ಸಂಗ್ರಹಾಲಯದ ಬಾಗಿಲಲ್ಲಿ ಕ್ಷಮೆಯ ಫಲಕ ಹಾಕಬೇಕೇ, ಆ ವಸ್ತುಗಳ ಹಳೆಯ ಪಟ್ಟಿಯಲ್ಲಿರುವ ಜಾತಿನಿಂದನೆಯ ಮಾತುಗಳನ್ನು ಅಳಿಸಬೇಕೇ ಎಂದು ಕೇಳಿದ್ದೀರಿ. ಆ ಅಳಿಸುವ ಕೆಲಸವನ್ನು ನಾನು ಮಾಡಿದ್ದೇನೆ.

ಬೆಂಗಳೂರಿನ ಒಂದು ಖಾಸಗಿ ಟ್ರಸ್ಟಿನ ಸಂಗ್ರಹಾಲಯದಲ್ಲಿ ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸವಾಗಿತ್ತು. ಗ್ರಾಮದೇವತೆಯ ಮುಂದೆ ಹೊತ್ತು ಕುಣಿಯುವ ಕೆಂಪು ಸೋಮನ ಮುಖವಾಡದ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ, 'ಊರವರ ಗಲಾಟೆ, ಅಮಲ್ದಾರರಿಂದ ಹೇಳಿಸಿ ತಂದದ್ದು' ಎಂದು ಬರೆದಿತ್ತು. ಅಮಲ್ದಾರರೆಂದರೆ ಆಗಿನ ತಾಲ್ಲೂಕಿನ ಅಧಿಕಾರಿ. ಪಕ್ಕದಲ್ಲೇ ಆ ಊರವರ ಜಾತಿ ಹಿಡಿದು ಒಂದು ಬೈಗುಳ. ನನಗೆ ಮೈ ಉರಿಯಿತು. ಇಡೀ ಟಿಪ್ಪಣಿ ಬಿಟ್ಟು, 'ಗ್ರಾಮಸ್ಥರಿಂದ ಪಡೆದದ್ದು' ಎಂದು ಸಭ್ಯವಾಗಿ ಟೈಪಿಸಿದೆ. ಬೈಗುಳದ ಜೊತೆಗೆ ಅಮಲ್ದಾರರೂ ಹೋದರು, ಗಲಾಟೆಯೂ ಹೋಯಿತು. ಗಮನಿಸಿ: ಬಲವಂತ ನಡೆದದ್ದಕ್ಕೆ ಇದ್ದ ಒಂದೇ ಸಾಕ್ಷಿ, ಬಲವಂತ ಮಾಡಿದವರದೇ ಕೈಬರಹ. ಅದು ಕೊಳಕಾಗಿತ್ತು ಎಂಬುದೇ ಅದರ ಬೆಲೆ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು, ಗೆದ್ದಲು ಹಿಡಿದ ಮೂಲ ರಿಜಿಸ್ಟರನ್ನು ರದ್ದಿಗೆ ಹಾಕುವ ಕಾಗದಕ್ಕೂ ಸಹಿ ಮಾಡಿದೆ.

ತುಮಕೂರು ಕಡೆಯ ಆ ಊರಿನ ಹಿರಿಯರು ಸೋಮನನ್ನು ಕೇಳಿಕೊಂಡು ಬಂದಾಗ ಟ್ರಸ್ಟಿನ ವಕೀಲರು ನನ್ನದೇ ಪಟ್ಟಿಯನ್ನು ಅವರ ಮುಂದಿಟ್ಟರು. 'ನಿಮ್ಮವರೇ ಕೊಟ್ಟಿದ್ದಾರಲ್ಲ!' ಟಿಪ್ಪಣಿಯನ್ನು ನಾನು ಕಣ್ಣಾರೆ ಓದಿದ್ದೇನೆ ಎಂದೆ. ಬಾಯಿಮಾತನ್ನು ಯಾರು ಕೇಳುತ್ತಾರೆ? ಮುಖವಾಡ ಅಲ್ಲೇ ಉಳಿಯಿತು, ನನ್ನ ಕೆಲಸ ಉಳಿಯಲಿಲ್ಲ.

ಬ್ರಿಟಿಷ್ ಸೇನೆ 1897ರಲ್ಲಿ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ಅರಮನೆಯಿಂದ ದೋಚಿದ ಕಂಚಿನ ಕಲಾಕೃತಿಗಳಲ್ಲಿ ತನ್ನ ಸಂಗ್ರಹಾಲಯಗಳಿಗೆ ಬಂದಿದ್ದವುಗಳ ಒಡೆತನವನ್ನು ಜರ್ಮನಿ 2022ರಲ್ಲಿ ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತಲ್ಲ, ಅಲ್ಲಿಯೂ ಯಾವುದು ಯಾರ ಕೈ ದಾಟಿ ಬಂತೆಂದು ಹುಡುಕಲು ನೆರವಾದದ್ದು ಹಳೆಯ ಕಾಗದಪತ್ರಗಳೇ. ಕೆಲವೊಮ್ಮೆ ವಸ್ತುವೇ ಬಾಯಿ ಬಿಡುತ್ತದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 949ರ ಆತಕೂರು ಶಾಸನವನ್ನು ನೋಡಿ ಬನ್ನಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲು ಅದು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿಯ ಶೈವ ಪೂಜಾರಿ, ಉಣ್ಣಬಾರದೆಂದು ಅದರಲ್ಲೇ ಕೊರೆದಿದೆ. ಮುಖವಾಡಕ್ಕೆ ಆ ಭಾಗ್ಯವಿಲ್ಲ, ಅದರ ಪರವಾಗಿ ರಿಜಿಸ್ಟರೇ ಮಾತಾಡಬೇಕು.

ಹಾಗಾಗಿ ಫಲಕವೋ ಅಳಿಸುವುದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದನ್ನು ಕೊಡಬೇಕೆಂದು ಗೊತ್ತಿಲ್ಲದೆ ಕೇಳುವ ಕ್ಷಮೆ ಬರೀ ಉದ್ಘಾಟನೆಯ ಫೋಟೋಗೆ ಚೆಂದ. ಟೈಪಿಸುವ ಮೊದಲು ಪ್ರತಿ ಪುಟವನ್ನೂ ಅಂಚು, ಹಿಂಬದಿ ಸಮೇತ ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ಕಟ್ಟಡದ ಹೊರಗಿಡಿ. ತಿದ್ದುಪಡಿಯನ್ನು ಬೇರೆ ಕಾಲಮ್ಮಿನಲ್ಲಿ, ನಿಮ್ಮ ಹೆಸರು ಮತ್ತು ತಾರೀಖು ಹಾಕಿ ಬರೆಯಿರಿ. ಸಾರ್ವಜನಿಕರಿಗೆ ತೋರಿಸುವ ಪಟ್ಟಿಯಲ್ಲಿ ಬೈಗುಳ ಬೇಡ, ಸರಿ. ಆದರೆ ವಸ್ತು ಯಾವ ಊರಿನದೋ ಆ ಊರಿನವರು ಬಂದು ಕೇಳಿದರೆ ಮೂಲ ಪುಟವನ್ನೇ ಅವರ ಕೈಗೆ ಕೊಡಿ, ನಿಮ್ಮ ವಕೀಲರಿಗಿಂತ ಮೊದಲು.