ಮಳೆಯ ಸದ್ದನ್ನು ಅಳಿಸಿದ ರೂಪಕ

ಸಾಮಾನ್ಯರ ನಡುವೆ ಅಸಾಮಾನ್ಯ ಬದುಕು ಬಾಳಿದ ಒಬ್ಬರನ್ನು ರೇಡಿಯೊ ರೂಪಕಕ್ಕಾಗಿ ಎಲ್ಲಿ ಹುಡುಕಬೇಕು, ಅವರ ಹಳ್ಳಿಯ ಮಾತು ಎಲ್ಲರಿಗೂ ಅರ್ಥವಾಗದಿದ್ದರೆ ಅದನ್ನು ಒಳ್ಳೆಯ ದನಿಯವರಿಂದ ಓದಿಸಬಹುದೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನು ಓದಿದಾಗ ಎದೆ ಧಸಕ್ಕೆಂದಿತು. ಹನ್ನೊಂದು ವರ್ಷಗಳ ಹಿಂದೆ ನನ್ನ ಮನಸ್ಸಿನಲ್ಲಿಯೂ ಇದೇ ಪ್ರಶ್ನೆಯಿತ್ತು. ನಾನು ಯಾರನ್ನೂ ಕೇಳಲಿಲ್ಲ, ಓದಿಸಿಯೇ ಬಿಟ್ಟೆ.

ಆಗ ಒಂದು ಸಮುದಾಯ ಬಾನುಲಿಗೆ ಬಿಡುವಿನ ವೇಳೆಯಲ್ಲಿ ಕಾರ್ಯಕ್ರಮ ಮಾಡಿಕೊಡುತ್ತಿದ್ದೆ. ಸಕಲೇಶಪುರದ ಹತ್ತಿರ ನೆಲೆಸಿದ್ದ ಒಬ್ಬ ನಿವೃತ್ತ ರೈಲ್ವೆ ಗ್ಯಾಂಗ್‌ಮನ್ ಬಗ್ಗೆ ರೂಪಕ ಮಾಡಲು ಹೊರಟೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಆ ದಾರಿಯಲ್ಲಿ ಅವರು ಮಳೆಗಾಲದ ರಾತ್ರಿಗಳಲ್ಲಿ ಗಸ್ತು ತಿರುಗಿದವರು. ಕಂಬಳಿಕೊಪ್ಪೆ ಹೊದ್ದು, ದೀಪ, ಬಾವುಟ ಮತ್ತು ಡಿಟೊನೇಟರ್ ಡಬ್ಬಿ ಹಿಡಿದು ತಮ್ಮ ಪಾಲಿನ ಹಳಿಯನ್ನು ನಡೆದು ನೋಡುವುದು ಅವರ ಕೆಲಸ. ಮಣ್ಣೋ ಬಂಡೆಯೋ ಕುಸಿದಿದ್ದರೆ ಗಾಡಿ ಬರುವ ದಿಕ್ಕಿಗೆ ಓಡಿ ಹಳಿಗೆ ಡಿಟೊನೇಟರ್ ಕಟ್ಟಬೇಕು; ಎಂಜಿನ್ನಿನ ಗಾಲಿ ಅದರ ಮೇಲೆ ಹತ್ತಿದೊಡನೆ ಅದು ಸಿಡಿಯುತ್ತದೆ, ಆ ಸದ್ದಿಗೆ ಚಾಲಕ ಗಾಡಿ ನಿಲ್ಲಿಸುತ್ತಾನೆ.

ನನಗೆ ಬೇಕಾಗಿದ್ದುದು ಸಾಹಸದ ಕಥೆ. ಗಾಡಿಯೊಂದನ್ನು ಉಳಿಸಿದ ರಾತ್ರಿಯ ಬಗ್ಗೆ ಹೇಳಿ ಎಂದು ಮೂರು ಬಾರಿ ಕೇಳಿದೆ. ಅಂಥ ರಾತ್ರಿ ತಮ್ಮ ಪಾಲಿಗೆ ಬರಲೇ ಇಲ್ಲವೆಂದು ಮೂರು ಬಾರಿಯೂ ಹೇಳಿದ ಅವರು, ಆಮೇಲೆ ತಾವಾಗಿಯೇ ತೊರೆಗಳ ಮಾತು ತೆಗೆದರು. ಕತ್ತಲಲ್ಲಿ ಕಣ್ಣಿಗಿಂತ ಕಿವಿಯೇ ಮುಖ್ಯ, ಪ್ರತಿ ಮೋರಿಯ ಕೆಳಗೆ ನೀರು ಹರಿಯುವ ಸದ್ದು ಬೇರೆ ಬೇರೆ ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಉಳಿದಿರುವ ಅವರ ಒಂದು ಮಾತು ಹೀಗಿದೆ: “ಮಳೆ ಜೋರಾಗ್ತಾ ಇದ್ದು ತೊರೆ ಸದ್ದು ಕಮ್ಮಿ ಆಯ್ತು ಅಂದ್ರೆ, ಮೇಲೆಲ್ಲೋ ಮಣ್ಣು ಬಿದ್ದು ನೀರ್ನ ಹಿಡ್ಕಂಡೈತೆ ಅಂತ. ಆವಾಗ ಅಲ್ಲಿ ನಿಲ್ಬಾರ್ದು.” ಇದನ್ನು ಹೇಳುತ್ತಿದ್ದಂತೆಯೇ ಮನೆಯ ಮುಂದಿನ ತಗಡಿನ ಚಾವಣಿಯ ಮೇಲೆ ಮಳೆ ಬಿರುಸಾಯಿತು. ಅವರು ಮಾತು ನಿಲ್ಲಿಸಿ ಬೆಟ್ಟದ ಕಡೆಗೆ ಕಿವಿಗೊಟ್ಟರು. ಹತ್ತು ಸೆಕೆಂಡುಗಳಷ್ಟು ಹೊತ್ತು ಬರೀ ಮಳೆ. “ಏನಿಲ್ಲ” ಎಂದು ಮತ್ತೆ ಮಾತು ಮುಂದುವರಿಸಿದರು.

ಇನ್ನು ನನ್ನ ತಪ್ಪು. ಅದು ಹೇಗೆ ನಡೆಯಿತೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪ್ರತಿಯೊಂದು ಹೆಜ್ಜೆಯೂ ಆ ಕ್ಷಣದಲ್ಲಿ ನನಗೆ ಸರಿಯೆಂದೇ ತೋರಿತ್ತು. ಧ್ವನಿಮುದ್ರಕವನ್ನು ನಾನು ಅವರಿಂದ ನಾಲ್ಕು ಅಡಿ ದೂರದ ಸ್ಟೂಲಿನ ಮೇಲೆ ಇಟ್ಟಿದ್ದೆ. ಹತ್ತಿರ ಹಿಡಿದರೆ ಹಿರಿಯರಿಗೆ ಮುಜುಗರವಾದೀತೆಂಬ ಸಂಕೋಚ. ಬಾಯಿಗೂ ಮೈಕಿಗೂ ನಡುವಿನ ಅಂತರ ಇಮ್ಮಡಿಯಾದಾಗಲೆಲ್ಲ ನೇರವಾಗಿ ಬರುವ ದನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಆದರೆ ಸುತ್ತೆಲ್ಲ ಸುರಿಯುವ ಮಳೆಯ ಸದ್ದು ಇದ್ದಷ್ಟೇ ಇರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಗಲ್ಲದಿಂದ ಒಂದು ಗೇಣು ದೂರದಲ್ಲಿ ಹಿಡಿದಿದ್ದರೆ ಅವರ ದನಿ ಮುಂದೆ ನಿಂತು ಮಳೆ ಹಿಂದೆ ಸರಿಯುತ್ತಿತ್ತು. ಊರಿಗೆ ಬಂದು ಹೆಡ್‌ಫೋನಿನಲ್ಲಿ ಕೇಳಿದರೆ ಅರ್ಧದಷ್ಟು ಅಕ್ಷರಗಳು ಮಳೆಯಲ್ಲಿ ಮುಳುಗಿದ್ದವು. ತಂತ್ರಾಂಶದಿಂದ ಸದ್ದನ್ನು ತೆಗೆಯಲು ಹೋದಾಗ ದನಿಯೂ ನೀರಿನೊಳಗಿನಿಂದ ಬಂದಂತಾಯಿತು. ಆಕಾಶವಾಣಿಯ ರೂಪಕಗಳನ್ನು ಕೇಳುತ್ತ ಬೆಳೆದವನಾದ ನಾನು ಸ್ಫುಟವಾದ ಉಚ್ಚಾರವೇ ಕೇಳುಗರಿಗೆ ಸಲ್ಲಿಸುವ ಗೌರವವೆಂದು ನಂಬಿದ್ದೆ. ಹಾಗಾಗಿ ಅವರ ಮಾತುಗಳನ್ನೆಲ್ಲ ಶುದ್ಧ ಬರಹದ ಕನ್ನಡಕ್ಕೆ ತಿರುಗಿಸಿ, ಪಳಗಿದ ದನಿಯೊಬ್ಬರಿಂದ ಓದಿಸಿ, ಹಿಂದೆ ಕೊಳಲು ಸೇರಿಸಿದೆ. ಆ ಹತ್ತು ಸೆಕೆಂಡಿನ ಜಾಗದಲ್ಲಿ ನಾನು ಬರೆದ ವಾಕ್ಯ ಇದು: “ಅವರ ಕಿವಿಗಳು ಇಂದಿಗೂ ಬೆಟ್ಟದ ಕಡೆಗೇ ಇವೆ.” ಕೇಳಿದವರೆಲ್ಲ ಮೆಚ್ಚಿದರು. ಮರುವಾರದ ಕಾರ್ಯಕ್ರಮಕ್ಕೆ ಮೆಮೊರಿ ಕಾರ್ಡ್ ಬೇಕಾಗಿತ್ತು. ಪ್ರಸಾರವಾದ ಮೇಲೆ ಮೂಲ ಮುದ್ರಣವೇಕೆಂದು ಅಳಿಸಿದೆ.

ಮುಂದಿನ ವರ್ಷ ಅವರು ತೀರಿಕೊಂಡರು. ಅಪ್ಪನ ದನಿ ಇದೆಯೇ ಎಂದು ಮಗಳು ಫೋನ್ ಮಾಡಿದರು. ನಾನು ರೂಪಕವನ್ನು ಕಳುಹಿಸಿದೆ. ಎರಡು ದಿನಗಳ ಬಳಿಕ ಅವರು ಮತ್ತೆ ಕರೆ ಮಾಡಿ, “ಚೆನ್ನಾಗಿದೆ ಸರ್, ಆದ್ರೆ ಇದು ಬೇರೆಯೋರ ದನಿ” ಎಂದರು. ಅವರ ಬಳಿ ತಂದೆಯ ದನಿಯಿರುವ ಬೇರೆ ಯಾವ ಮುದ್ರಣವೂ ಇರಲಿಲ್ಲ.

ನಾನು ಮಾಡಿದ್ದು ಒಂದು ಕಾಲದಲ್ಲಿ ಬಿಬಿಸಿಯಲ್ಲಿಯೂ ರೂಢಿಯಲ್ಲಿತ್ತೆಂದು ಬಹಳ ತಡವಾಗಿ ಓದಿ ತಿಳಿದೆ. ಜನರ ಮಾತನ್ನು ಮುದ್ರಿಸಿಕೊಂಡು, ಬರಹಕ್ಕಿಳಿಸಿ, ನಟರಿಂದ ಆಡಿಸುತ್ತಿದ್ದರು. 1957ರ ಫೆಬ್ರವರಿ 9ರಂದು ಇಂಗ್ಲೆಂಡಿನಲ್ಲಿ ಜಾನ್ ಆಕ್ಸನ್ ಎಂಬ ಎಂಜಿನ್ ಚಾಲಕ, ಬ್ರೇಕಿನ ಉಗಿಕೊಳವೆ ಒಡೆದು ಇಳಿಜಾರಿನಲ್ಲಿ ಹತೋಟಿ ತಪ್ಪಿದ ಸರಕು ಗಾಡಿಯಿಂದ ತಾನು ಧುಮುಕದೆ, ಸಹಾಯಕನನ್ನು ಇಳಿಸಿ, ಕೊನೆಯವರೆಗೂ ಎಂಜಿನ್ನಿನಲ್ಲಿಯೇ ಉಳಿದು ಪ್ರಾಣ ಬಿಟ್ಟ. ಆತನ ಬಗ್ಗೆ ರೂಪಕ ಮಾಡಲು ಹೋದ ಬಿಬಿಸಿಯ ನಿರ್ಮಾಪಕ ಚಾರ್ಲ್ಸ್ ಪಾರ್ಕರ್ ಮತ್ತು ಜನಪದ ಗಾಯಕ ಇವಾನ್ ಮೆಕಾಲ್ ಆತನ ಹೆಂಡತಿಯ ಮತ್ತು ಜೊತೆಗೆಲಸಗಾರರ ಮಾತುಗಳನ್ನು ಗಂಟೆಗಟ್ಟಲೆ ಮುದ್ರಿಸಿಕೊಂಡು ಬಂದರು. ಅದನ್ನೂ ನಟರು ಆಡಬೇಕಾಗಿತ್ತು. ಆದರೆ ಟೇಪುಗಳನ್ನು ಕೇಳಿದ ಮೇಲೆ, ಆ ಮಾತುಗಳನ್ನು ಆ ಬಾಯಿಗಳಿಂದಲೇ ಕೇಳಿಸಬೇಕೆಂದು ಮೆಕಾಲ್ ನಿರ್ಧರಿಸಿದರು. 1958ರ ಜುಲೈಯಲ್ಲಿ ಅದು ಹಾಗೆಯೇ ಪ್ರಸಾರವಾಯಿತು. ನನ್ನ ಬಳಿಯೂ ಅಂಥದೇ ಮುದ್ರಣವಿತ್ತು, ಅದೂ ರೈಲಿನವರದ್ದೇ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕರಾವಳಿಯವರಿಗೆ ಬಯಲುಸೀಮೆಯ ಮಾತು ಮೊದಲ ಎರಡು ನಿಮಿಷ ಕಷ್ಟವಾದೀತು, ಮೂರನೆಯ ನಿಮಿಷಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಅರ್ಥವಾಗದ ಪದವೊಂದಿದ್ದರೆ ನಿರೂಪಕ ಅದಕ್ಕೆ ಮುಂಚೆ ಒಂದು ವಾಕ್ಯದಲ್ಲಿ ದಾರಿ ಮಾಡಿಕೊಟ್ಟರೆ ಸಾಕು.

ಮೊದಲನೆಯ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಸಾಮಾನ್ಯರನ್ನು ಹುಡುಕುವ ಕೆಲಸ ನಿಮ್ಮದಲ್ಲ. ಸಾಹಸವನ್ನೇ ಹುಡುಕುತ್ತ ಹೋದುದರಿಂದಲೇ ಒಬ್ಬ ಮನುಷ್ಯ ನೀರಿನ ಸದ್ದನ್ನು ಓದುತ್ತ ಕಳೆದ ಅಷ್ಟೂ ಮಳೆಗಾಲಗಳು ನನ್ನ ಕಿವಿಗೆ ಬೀಳಲಿಲ್ಲ. ಆಕ್ಸನ್ನನ ಕೊನೆಯ ಪ್ರಯಾಣ ಕೆಲವೇ ನಿಮಿಷಗಳದ್ದು. ಆ ರೂಪಕವನ್ನು ತುಂಬಿರುವುದು ರೈಲಿನವರ ದಿನನಿತ್ಯದ ದುಡಿಮೆಯ ಮಾತು. ಯಾರ ಬಳಿಗಾದರೂ ಹೋಗಿ, ಅವರ ಕೆಲಸದ ಬಗ್ಗೆ ಕೇಳಿ. ದೊಡ್ಡ ಘಟನೆಯ ಬಗ್ಗೆ ಕೇಳಬೇಡಿ. ಸಾಧ್ಯವಿದ್ದರೆ ನೀವೇ ಕೇಳದೆ ಅವರ ಮನೆಯವರಿಂದ ಕೇಳಿಸಿ. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಒಂದು ಸಣ್ಣ ಗೂಡಿನಿಂದ ಆರಂಭವಾದ ಸ್ಟೋರಿಕಾರ್ಪ್ಸ್ ಎಂಬ ಸಂಸ್ಥೆ ಮಾಡುತ್ತ ಬಂದಿರುವುದೂ ಇದನ್ನೇ: ಪರಸ್ಪರ ಬಲ್ಲ ಇಬ್ಬರು 40 ನಿಮಿಷ ಕುಳಿತು ಮಾತನಾಡುತ್ತಾರೆ, ಅದರ ಒಂದು ಪ್ರತಿ ಅವರಿಗೇ ಸೇರುತ್ತದೆ. ದುಬಾರಿ ಯಂತ್ರ ಬೇಡ. ಫೋನಿನಲ್ಲಿ ವೇವ್ (WAV, ದನಿಯನ್ನು ಕುಗ್ಗಿಸದೆ ಉಳಿಸುವ) ಕಡತವಾಗಿ ಮುದ್ರಿಸಿ, ಉಳಿದ ಹಣದಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ಕೊಂಡು ಅಲ್ಲಿಯೇ ಕೇಳಿಸಿಕೊಳ್ಳಿ. ಮಾತು ಮುಗಿದ ಮೇಲೂ ಎರಡು ನಿಮಿಷ ಆ ಜಾಗದ ಸದ್ದನ್ನು ಮಾತ್ರ ಹಿಡಿಯಿರಿ. ಕೊಳಲನ್ನು ದಯವಿಟ್ಟು ಹಾಕಬೇಡಿ.

ಕಳೆದ ಆಷಾಢದಲ್ಲಿ ನಾನು ಮತ್ತೆ ಆ ಮನೆಗೆ ಹೋಗಿದ್ದೆ. ಅದೇ ತಗಡಿನ ಚಾವಣಿಯ ಕೆಳಗೆ ಮಗಳು ತೊರೆಯ ಮಾತನ್ನು ತಮಗೆ ನೆನಪಿದ್ದಂತೆ ಹೇಳಿದರು. ತಂದೆ ಬಳಸದಿದ್ದ ಒಂದೆರಡು ಪದಗಳಿದ್ದವು, ಆ ಹತ್ತು ಸೆಕೆಂಡುಗಳಿರಲಿಲ್ಲ. ಮಳೆ ಮಾತ್ರ ಅಂದಿನಷ್ಟೇ ಇತ್ತು. ಮೈಕನ್ನು ಒಂದು ಗೇಣು ದೂರದಲ್ಲಿ ಹಿಡಿದುಕೊಂಡೇ ಕುಳಿತೆ. ಏಳುವ ಮುಂಚೆ ಪೂರ್ತಿ ಮುದ್ರಣವನ್ನು ಅವರ ಫೋನಿಗೆ ಹಾಕಿಕೊಟ್ಟೆ.